ಹನ್ನೊಂದು ಸಾಲಿನ ರಿಪೋರ್ಟು

ನಮ್ಮ ದೊಡ್ಡವ್ವನಿಗೆ ಆಗ 79 ವರ್ಷ. ರಾಯಬಾಗ ತಾಲೂಕಿನ ಹೊಳೆದಂಡೆಯ ಊರು. ಒಂದು ಸೋಮವಾರ ಹೊಟ್ಟೆ ನೋವು ಅಂದಳು. ಊರ ಡಾಕ್ಟರು ಗ್ಯಾಸಿನ ಗುಳಿಗೆ ಕೊಟ್ಟು ಒಂದು ಇಂಜೆಕ್ಷನ್ ಮಾಡಿದರು. ಮಂಗಳವಾರ ವಾಂತಿ ಸುರುವಾಯಿತು. ಬುಧವಾರ ಸಲಾಯಿನ್ ಹಚ್ಚಿದರು. ಗುರುವಾರ ಹೊಟ್ಟೆ ಉಬ್ಬಿ ಕೊಡದಂತಾದಾಗ ಗಾಡಿ ಮಾಡಿಕೊಂಡು ದೊಡ್ಡ ಊರಿನ ದವಾಖಾನೆಗೆ ಒಯ್ದರು. ಅಲ್ಲಿ ರಕ್ತ ತೆಗೆದರು, ಸೋನೋಗ್ರಫಿ ಮಾಡಿದರು, ಕಡೆಗೆ ಸಿ.ಟಿ. ಸ್ಕ್ಯಾನ್. ಸಂಜೆ ಹೊತ್ತಿಗೆ ದೊಡ್ಡ ಲಕೋಟೆಯೊಳಗೆ ಕರಿ ಫಿಲ್ಮುಗಳೂ ಇಂಗ್ಲಿಷಿನಲ್ಲಿ ಬರೆದ ಎರಡು ಹಾಳೆಯೂ ಬಂದವು.

ಡಾಕ್ಟರು ಇನ್ನೂ ಬಂದಿರಲಿಲ್ಲ. ಡಿಗ್ರಿ ಓದುತ್ತಿದ್ದ ಮೊಮ್ಮಗ ಹಾಳೆ ಬಿಡಿಸಿ ಒಂದೊಂದೇ ಪದವನ್ನು ಮೊಬೈಲಿನಲ್ಲಿ ಹುಡುಕತೊಡಗಿದ. ಮೊದಲ ಸಾಲಿನಲ್ಲೇ ಯಕೃತ್ತಿನಲ್ಲಿ ‘ಲೀಜನ್’ ಎಂದಿತ್ತು. ಆಮೇಲೆ ಪಿತ್ತಕೋಶದಲ್ಲಿ ಎರಡು ಕಲ್ಲು. ಎಡಗಡೆಯ ಅಡ್ರಿನಲ್ ಗ್ರಂಥಿಯಲ್ಲಿ 1.4 ಸೆಂಟಿಮೀಟರಿನ ಗಂಟು. ಬಲ ಮೂತ್ರಪಿಂಡದಲ್ಲಿ 3 ಸೆಂಟಿಮೀಟರಿನ ‘ಸಿಸ್ಟ್’. ಮಹಾಪಧಮನಿಯ ಗೋಡೆ ಸುಣ್ಣಗಟ್ಟಿದೆ. ಸಣ್ಣ ಕರುಳು ಉಬ್ಬಿದೆ. ಬಲ ತೊಡೆಸಂದಿನಲ್ಲಿ ಹರ್ನಿಯಾ, ಅದರೊಳಗೆ ಕರುಳಿನ ಕುಣಿಕೆ. ಗರ್ಭಕೋಶ ಕುಗ್ಗಿದೆ. ಬೆನ್ನಿನ ಹನ್ನೆರಡನೆಯ ಮಣಿ ಕುಸಿದಿದೆ. ಸೊಂಟದ ಮಣಿಗಳು ಸವೆದಿವೆ. ಶ್ವಾಸಕೋಶದ ತಳದಲ್ಲಿ ಹಳೆಯ ಕಲೆ. ಒಟ್ಟು ಹನ್ನೊಂದು. ಐದನೆಯ ಸಾಲು ದಾಟುವಷ್ಟರಲ್ಲಿ ಹುಡುಗನ ಮುಖ ಬಿಳಿಚಿಕೊಂಡಿತ್ತು. ಅರ್ಧ ತಾಸಿನಲ್ಲಿ ಅಥಣಿಯ ಬೀಗರಿಗೆ, ಪುಣೆಯ ಮಗನಿಗೆ, ಊರಿಗೆ ಸುದ್ದಿ ಮುಟ್ಟಿತು: ಆಯಿಗೆ ಹೊಟ್ಟೆ ತುಂಬ ಗಡ್ಡಿ, ಲಿವರಿಗೂ ಹಬ್ಬಿದೆ, ಆಯಿಗೆ ಮಾತ್ರ ಹೇಳಬ್ಯಾಡ್ರಿ.

ಆಕೆ ಮಂಚದ ಮೇಲಿಂದ ಎಲ್ಲರ ಮುಖ ನೋಡುತ್ತ ಕೇಳಿದಳು: “ಏನ್ ಬರದಾರೋ ಅದರಾಗ?”

“ಏನಿಲ್ಲ ಆಯಿ, ಗ್ಯಾಸ್ ಆಗೇತಂತ.”

“ನನ್ನ ಹೊಟ್ಯಾಗಿಂದು ನನಗ ಹೇಳಬಾರದೇನು?”

ಆ ಪ್ರಶ್ನೆಗೆ ಅಂದು ಯಾರೂ ಉತ್ತರ ಕೊಡಲಿಲ್ಲ. ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿಯೇ ಹೊರಟದ್ದು.

ಆ ಹನ್ನೊಂದರಲ್ಲಿ ಆಕೆಯ ನೋವಿಗೆ ಸಂಬಂಧಪಟ್ಟವು ಎರಡೇ ಸಾಲು, ಆರನೆಯದು ಮತ್ತು ಏಳನೆಯದು. ತೊಡೆಸಂದಿನ ಒಂದು ಇಕ್ಕಟ್ಟಾದ ಕಿಂಡಿಯಲ್ಲಿ ಸಣ್ಣ ಕರುಳು ಸಿಕ್ಕಿಕೊಂಡು ಮುಂದೆ ದಾರಿ ಇಲ್ಲದಂತಾಗಿತ್ತು. ಅದೇ ನೋವು, ಅದೇ ವಾಂತಿ, ಅದೇ ಉಬ್ಬರ. ರಾತ್ರಿಯೇ ಶಸ್ತ್ರಚಿಕಿತ್ಸೆ ಆಯಿತು. ಕರುಳು ಕಪ್ಪಾಗುವ ಹಂತಕ್ಕೆ ಬಂದಿದ್ದರೂ ಸತ್ತಿರಲಿಲ್ಲ. ಇನ್ನೊಂದು ದಿನ ತಡವಾಗಿದ್ದರೆ ಮಾತು ಬೇರೆಯಾಗುತ್ತಿತ್ತು. ಉಳಿದ ಒಂಬತ್ತು ಸಾಲುಗಳಲ್ಲಿ ಎಂಟು, 79 ವರ್ಷ ಬಾಳಿದ ಯಾವ ದೇಹದಲ್ಲಾದರೂ ಸಿಗಬಹುದಾದ ಗುರುತುಗಳು. ಇನ್ನೊಂದು ಸಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಯಾರೂ ಅಂಜದೆ ಬಿಟ್ಟ ಸಾಲು ಅದು.

ಇದರಿಂದ ‘ಸ್ಕ್ಯಾನ್ ಬೇಡವಾಗಿತ್ತು’ ಎಂಬ ತೀರ್ಮಾನಕ್ಕೆ ಬಂದರೆ ತಪ್ಪಾಗುತ್ತದೆ. ಅದು ಬೇಕಾಗಿತ್ತು. ಮುದಿ ದೇಹ ಹೊಟ್ಟೆಯೊಳಗಿನ ಅನಾಹುತವನ್ನು ಮುಚ್ಚಿಡುತ್ತದೆ. ಇಪ್ಪತ್ತರ ಹುಡುಗನಿಗೆ ಅಪೆಂಡಿಕ್ಸ್ ಒಡೆದರೆ ಜ್ವರ ಏರುತ್ತದೆ, ಬಿಳಿ ರಕ್ತಕಣ ಹೆಚ್ಚುತ್ತವೆ, ಹೊಟ್ಟೆ ಹಲಗೆಯಂತೆ ಗಟ್ಟಿಯಾಗುತ್ತದೆ. ಎಂಬತ್ತರ ಅಜ್ಜನಿಗೆ ಜ್ವರ ಬಾರದೇ ಇರಬಹುದು, ಕಣಗಳ ಲೆಕ್ಕ ಸರಿಯಾಗಿಯೇ ಇರಬಹುದು, ಹೊಟ್ಟೆಯ ಸ್ನಾಯು ತೆಳುವಾಗಿರುವುದರಿಂದ ಆ ಬಿಗಿತವೂ ಕಾಣದಿರಬಹುದು. ರಕ್ತದೊತ್ತಡದ ಕೆಲವು ಗುಳಿಗೆಗಳು ನಾಡಿ ಓಡದಂತೆ ತಡೆದಿರುತ್ತವೆ. ಮೊಣಕಾಲಿಗೆಂದು ದಿನಾ ನುಂಗುವ ನೋವಿನ ಗುಳಿಗೆ ಈ ನೋವನ್ನೂ ಮಂಕು ಮಾಡಿರುತ್ತದೆ. ಹೃದಯದ ಬಡಿತ ತಾಳತಪ್ಪಿದವರಲ್ಲಿ ರಕ್ತದ ಹೆಪ್ಪೊಂದು ಹೋಗಿ ಕರುಳಿನ ರಕ್ತನಾಳವನ್ನು ಮುಚ್ಚಿದರೆ, ರೋಗಿ ನೋವಿನಿಂದ ಒದ್ದಾಡುತ್ತಿದ್ದರೂ ಮುಟ್ಟಿದರೆ ಹೊಟ್ಟೆ ಮೆತ್ತಗೇ ಇರುತ್ತದೆ. ಮೇಲುಹೊಟ್ಟೆಯ ನೋವು ಒಮ್ಮೊಮ್ಮೆ ಹೃದಯಾಘಾತವೇ ಆಗಿರುತ್ತದೆ. ಆದ್ದರಿಂದ ಗ್ಯಾಸ್ ಎನ್ನುವ ಮೊದಲು ಇ.ಸಿ.ಜಿ. ಆಗಬೇಕು. ಇಷ್ಟರ ಮೇಲೆ ನಮ್ಮ ಹಿರಿಯರ ಸ್ವಭಾವ ಬೇರೆ. ಮಕ್ಕಳಿಗೆ ಖರ್ಚು, ಕಬ್ಬು ಕಡಿಯುವ ಹೊತ್ತು, ಸೊಸೆಗೆ ಕೆಲಸ ಎಂದು ಎರಡು ದಿನ ತಡೆದುಕೊಂಡೇ ಬಾಯಿ ಬಿಡುತ್ತಾರೆ. ಇಂಥ ದೇಹದೊಳಗೆ ಏನು ನಡೆದಿದೆ ಎಂದು ಕೆಲವೇ ನಿಮಿಷಗಳಲ್ಲಿ ತೋರಿಸುವ ಯಂತ್ರ ದೊಡ್ಡ ವರವೇ ಸರಿ.

ವಿಕಿರಣದ ಭಯವನ್ನೂ ಇಲ್ಲಿ ಅಳತೆಯಲ್ಲಿಡಬೇಕು. ಒಮ್ಮೆ ಹೊಟ್ಟೆಯ ಸಿ.ಟಿ. ಮಾಡಿದರೆ ಸುಮಾರು 8ರಿಂದ 10 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಮಣ್ಣು, ಗಾಳಿ, ಆಕಾಶದಿಂದ ಜಗತ್ತಿನ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ತಗಲುತ್ತಿರುತ್ತದೆ. ಅಂದರೆ ಮೂರು-ನಾಲ್ಕು ವರ್ಷದ ಪಾಲು ಒಂದೇ ಸಲಕ್ಕೆ. ಮಗುವಿನ ವಿಷಯದಲ್ಲಿ ಇದು ಯೋಚಿಸಬೇಕಾದ ಮಾತು. ಆದರೆ ವಿಕಿರಣದ ಕೇಡು ತಲೆದೋರಲು ಹಲವು ವರ್ಷ, ದಶಕಗಳೇ ಹಿಡಿಯುವುದರಿಂದ ಎಂಬತ್ತರವರಿಗೆ ಅದು ಸಣ್ಣ ಚಿಂತೆ. ದೊಡ್ಡ ಚಿಂತೆ ಕಾಂಟ್ರಾಸ್ಟ್ ಎಂಬ ಅಯೋಡಿನ್ ಮದ್ದಿನದು. ವಾಂತಿಯಿಂದ ಒಣಗಿದ ಮೂತ್ರಪಿಂಡಕ್ಕೆ ಅದು ಭಾರವಾಗಬಹುದು. ಅದಕ್ಕೇ ಮೊದಲು ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ನೋಡಿ, ಸಲಾಯಿನ್ ಕೊಡುತ್ತಾರೆ. ಆದರೆ ಕರುಳಿನ ರಕ್ತನಾಳದ ಮೇಲೆ ಅನುಮಾನವಿದ್ದಾಗ ಮದ್ದಿಲ್ಲದೆ ಮಾಡಿದ ಸ್ಕ್ಯಾನ್ ಕುರುಡಾಗಿರುತ್ತದೆ. ಅಲ್ಲಿ ಮೂತ್ರಪಿಂಡಕ್ಕೆ ಅಂಜಿ ಜೀವ ಕಳೆದುಕೊಳ್ಳಬಾರದು.

ಹಾಗಾದರೆ ಎಡವಿದ್ದು ಎಲ್ಲಿ? ನನ್ನ ಪ್ರಕಾರ ಎರಡು ಕಡೆ. ಸ್ಕ್ಯಾನಿಗೆ ಮುಂಚೆ ಕೈ ಹೋಗಲಿಲ್ಲ. ಸ್ಕ್ಯಾನಿನ ನಂತರ ಮಾತು ಬರಲಿಲ್ಲ.

ಕೈಯ ಮಾತು ಮೊದಲು. ನಾಲ್ಕು ದಿನ, ಮೂವರು ಡಾಕ್ಟರು. ಒಬ್ಬರೂ ದೊಡ್ಡವ್ವನ ತೊಡೆಸಂದು ಮುಟ್ಟಿ ನೋಡಿರಲಿಲ್ಲ. ಗುಣವಾದ ಮೇಲೆ ಆಕೆ ಹೇಳಿದಳು, “ನಿಂಬಿಕಾಯಿಯಂಥಾ ಗಂಟು ಆರು ತಿಂಗಳಿಂದ ಇತ್ತು. ಕೇಳಿದ್ದರ ಹೇಳತಿದ್ದೆ.” ತೊಡೆಸಂದಿನ ಇಕ್ಕಟ್ಟಾದ ಕಿಂಡಿಯಲ್ಲಿ ಆಗುವ ಈ ಬಗೆಯ ಹರ್ನಿಯಾ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಅದರಲ್ಲೂ ವಯಸ್ಸಾದವರಲ್ಲಿ. ಕಿಂಡಿ ಸಣ್ಣದಾದ್ದರಿಂದ ಕರುಳು ಸಿಕ್ಕಿಕೊಳ್ಳುವ ಅಪಾಯವೂ ಇದರಲ್ಲೇ ಹೆಚ್ಚು. ನಮ್ಮ ಕಡೆ ಅಜ್ಜಿಯರು ಸೀರೆಯ ಗಂಟು ಸಡಿಲಿಸಲು ಒಪ್ಪುವುದಿಲ್ಲ, ಗಂಡಸು ಡಾಕ್ಟರು ಕೇಳಲು ಹಿಂಜರಿಯುತ್ತಾರೆ, ಜೊತೆಗೆ ಬಂದ ಮಗನಂತೂ ಆ ಮಾತೇ ಎತ್ತುವುದಿಲ್ಲ. ಈ ಮೂರು ಸಂಕೋಚಗಳು ಸೇರಿ ಒಂದು ಜೀವ ತೆಗೆಯಬಲ್ಲವು. ಒಬ್ಬ ನರ್ಸ್ ಪಕ್ಕದಲ್ಲಿ ನಿಂತು, ಪರದೆ ಎಳೆದು, “ಆಯಿ, ಕೆಳಗ ಎಲ್ಲ್ಯಾರ ಗಂಟು ಬಂದೈತೇನು?” ಎಂದು ಕೇಳಿದ್ದರೆ ಸೋಮವಾರವೇ ಉತ್ತರ ಸಿಗುತ್ತಿತ್ತು.

ಈ ಸೀಮೆಗೆ ಕೈಯ ವೈದ್ಯ ಹೊಸದಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಜನಕ್ಕೆ ಜಡ್ಡು ಎಂದರೆ ತಲೆಮಾರುಗಳಿಂದ ನೆನಪಾಗುವ ಊರು ಗಡಿಯಾಚೆಯ ಮಿರಜ. ಅಮೆರಿಕದ ಮಿಶನ್ನಿನಿಂದ ಬಂದ ವಿಲಿಯಂ ಜೇಮ್ಸ್ ವಾನ್‌ಲೆಸ್ ಅಲ್ಲಿ 1894ರಲ್ಲಿ ಆಸ್ಪತ್ರೆ ತೆರೆದರು. ರಾಂಟ್‌ಗೆನ್ ಎಕ್ಸ್‌ರೇ ಕಂಡದ್ದು 1895ರ ನವೆಂಬರಿನಲ್ಲಿ. ಅಂದರೆ ದೇಹದೊಳಗೆ ನೋಡುವ ಯಾವ ಯಂತ್ರವೂ ಇರದ ಕಾಲದಲ್ಲಿ ಅಲ್ಲಿ ರೋಗ ಹುಡುಕಿದ್ದು ಬೆರಳು, ಕಿವಿ ಮತ್ತು ಪ್ರಶ್ನೆಗಳಿಂದ. ಸೊಲ್ಲಾಪುರ, ವಿಜಯಪುರದ ಕಡೆಯಿಂದಲೂ ಜನ ಅಲ್ಲಿಗೆ ಹೋಗುತ್ತಿದ್ದರು. ಇಂಗ್ಲೆಂಡಿನ ಸರ್ಜನ್ ಜಕಾರಿ ಕೋಪ್ ಹಠಾತ್ ಹೊಟ್ಟೆನೋವನ್ನು ಕೈಯಿಂದ, ಪ್ರಶ್ನೆಗಳಿಂದ ಗುರುತಿಸುವ ಬಗ್ಗೆ 1921ರಲ್ಲಿ ಬರೆದ ಪುಸ್ತಕವನ್ನು ವೈದ್ಯ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ, ಸಿ.ಟಿ. ಯಂತ್ರ ಬಂದು ಅರ್ಧ ಶತಮಾನ ಕಳೆದರೂ ಅದು ಹಳೆಯದಾಗಿಲ್ಲ. ಕಾರಣ ಸರಳ. ಯಂತ್ರಕ್ಕೆ ಪ್ರಶ್ನೆ ಕೊಡುವುದು ಕೈ. ಸ್ಕ್ಯಾನಿನ ಚೀಟಿಯಲ್ಲಿ ‘ಹೊಟ್ಟೆ ನೋವು’ ಎಂದಷ್ಟೇ ಬರೆದು ಕಳಿಸಿದರೆ ರೇಡಿಯಾಲಜಿಸ್ಟ್ ಕಂಡದ್ದನ್ನೆಲ್ಲ ಬರೆಯುತ್ತಾರೆ. ‘ನಾಲ್ಕು ದಿನದ ನೋವು, ವಾಂತಿ, ಮಲ ಕಟ್ಟಿದೆ, ಬಲ ತೊಡೆಸಂದಿನಲ್ಲಿ ಗಂಟು, ಕರುಳು ಸಿಕ್ಕಿದೆಯೇ?’ ಎಂದು ಬರೆದು ಕಳಿಸಿದರೆ ಆ ಪ್ರಶ್ನೆಗೆ ನೇರ ಉತ್ತರ ಬರುತ್ತದೆ.

ಇನ್ನು ಮಾತಿನ ವಿಷಯ. ಈ ರಿಪೋರ್ಟು ಏಕೆ ಹೀಗಿರುತ್ತದೆ ಎಂದು ತಿಳಿದರೆ ಅರ್ಧ ಭಯ ಕಡಿಮೆಯಾದೀತು. ಅದನ್ನು ಬರೆಯುವುದು ಅಪಾಯದ ಕ್ರಮದಲ್ಲಲ್ಲ, ಅಂಗಗಳ ಕ್ರಮದಲ್ಲಿ: ಮೊದಲು ಯಕೃತ್ತು, ಆಮೇಲೆ ಪಿತ್ತಕೋಶ, ಹೀಗೆ ಸುತ್ತಿ ಕೊನೆಗೆ ಎಲುಬು. ಕಡೆಯಲ್ಲಿ ‘ಇಂಪ್ರೆಶನ್’ ಎಂದು ಮುಖ್ಯವಾದದ್ದನ್ನು ಆರಿಸಿ ಕೊಡುತ್ತಾರೆ. ಅಲ್ಲಿಯೂ ಒಮ್ಮೊಮ್ಮೆ ಎಲ್ಲವೂ ಮರುಕಳಿಸಿರುತ್ತದೆ. ‘ಲೀಜನ್’ ಎಂದರೆ ಬದಲಾದ ಯಾವುದೇ ಜಾಗ, ಅಷ್ಟೇ. ಅದು ಗಾಯವಿರಬಹುದು, ಕಲೆಯಿರಬಹುದು, ಹುಟ್ಟುಮಚ್ಚೆಯಂಥದ್ದಿರಬಹುದು. ದೊಡ್ಡವ್ವನ ಯಕೃತ್ತಿನಲ್ಲಿದ್ದುದು ಹೆಮಾಂಜಿಯೋಮಾ, ರಕ್ತನಾಳಗಳ ಒಂದು ಗೊಂಚಲು. ಯಕೃತ್ತಿನ ನಿರಪಾಯದ ಗಡ್ಡೆಗಳಲ್ಲೆಲ್ಲ ಅದೇ ಹೆಚ್ಚು ಸಾಮಾನ್ಯ, ಹೆಂಗಸರಲ್ಲಂತೂ ಇನ್ನೂ ಹೆಚ್ಚು.

ಉಳಿದವು ನಿರಪಾಯವೆಂದು ಹೇಗೆ ಗೊತ್ತಾಯಿತು ಎಂಬುದೂ ಮುಚ್ಚಿಡಬೇಕಾದ ವಿದ್ಯೆಯೇನಲ್ಲ. ಸಿ.ಟಿ. ಯಂತ್ರದಿಂದ ಮನುಷ್ಯನ ಮೊದಲ ಚಿತ್ರ ತೆಗೆದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ. ಅದನ್ನು ಕಟ್ಟಿದ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್‌ಗೂ ಅದರ ಗಣಿತ ಬಿಡಿಸಿದ ಅಲನ್ ಕಾರ್ಮ್ಯಾಕ್‌ಗೂ 1979ರಲ್ಲಿ ನೊಬೆಲ್ ಬಂತು. ಆ ಯಂತ್ರ ಕೊಡುವುದು ಬರೀ ಚಿತ್ರವಲ್ಲ, ಪ್ರತಿ ಚುಕ್ಕೆಗೂ ಒಂದು ಅಂಕಿ. ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ 1000 ಕೆಳಗೆ, ಕೊಬ್ಬಿಗೆ ಸುಮಾರು 100 ಕೆಳಗೆ, ಎಲುಬಿಗೆ ನೂರಾರು ಮೇಲೆ. ಮೂತ್ರಪಿಂಡದ ‘ಸಿಸ್ಟ್’ ಎಂಬ ಗುಳ್ಳೆಯ ಅಂಕಿ ಸೊನ್ನೆಯ ಆಸುಪಾಸಿನಲ್ಲಿದ್ದು ಗೋಡೆ ಕೂದಲೆಳೆಯಷ್ಟು ತೆಳುವಾಗಿದ್ದರೆ ಒಳಗಿರುವುದು ನೀರು. ಮಾರ್ಟನ್ ಬಾಸ್ನಿಯಾಕ್ 1986ರಲ್ಲಿ ಮಾಡಿದ ವಿಂಗಡಣೆಯಲ್ಲಿ ಇದು ಮೊದಲ ದರ್ಜೆ. ಮತ್ತೆ ನೋಡುವ ಅಗತ್ಯವೂ ಇಲ್ಲ. ಅಡ್ರಿನಲ್ ಗಂಟು ಒಂದೇ ಸಮನಾಗಿದ್ದು ಅಂಕಿ 10ಕ್ಕಿಂತ ಕಡಿಮೆಯಿದ್ದರೆ ಅದರಲ್ಲಿ ಕೊಬ್ಬು ತುಂಬಿದೆ, ಅದು ಕ್ಯಾನ್ಸರಲ್ಲ ಎಂದರ್ಥ. ವಯಸ್ಸಾದವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ ಇಂಥ ಗಂಟು ಸಿಗುತ್ತದೆ. ಒಮ್ಮೆ ಹಾರ್ಮೋನ್ ಪರೀಕ್ಷೆ ಮಾಡಿಸಬೇಕು, ರಕ್ತದೊತ್ತಡ ಹತೋಟಿಗೆ ಬಾರದಿದ್ದರಂತೂ ಖಂಡಿತ; ಮತ್ತೆ ಮತ್ತೆ ಸ್ಕ್ಯಾನ್ ಬೇಡ. ಪಿತ್ತದ ಕಲ್ಲು ಸದ್ದಿಲ್ಲದೆ ಕುಳಿತಿದ್ದರೆ ವರ್ಷಕ್ಕೆ ನೂರರಲ್ಲಿ ಒಂದರಿಂದ ನಾಲ್ಕು ಜನರಿಗೆ ಮಾತ್ರ ತೊಂದರೆ ಕೊಡುತ್ತದೆ. ನೋವಿಲ್ಲದ ಕಲ್ಲಿಗೆ ಎಂಬತ್ತರಲ್ಲಿ ಕತ್ತಿ ಹಾಕುವವರು ವಿರಳ.

ಇಷ್ಟನ್ನು ಹೇಳಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಸಿಗದಿದ್ದಾಗ ಏನಾಗುತ್ತದೆ ಎಂದು ಈ ಸೀಮೆಯ ಯಾವ ಮನೆಯನ್ನು ಬೇಕಾದರೂ ಕೇಳಿ. ಗಡ್ಡಿ ಎಂದು ಕೇಳಿದ ಕೂಡಲೇ ಇನ್ನೊಂದು ಊರು, ಇನ್ನೊಂದು ಸ್ಕ್ಯಾನ್, ಎಂ.ಆರ್.ಐ., ಸೂಜಿ ಚುಚ್ಚಿ ತುಣುಕು ತೆಗೆಯುವುದು. ಕಬ್ಬಿನ ಬಿಲ್ಲು ಬರುವ ಮೊದಲೇ ಅದರ ಮೇಲೆ ಸಾಲ. ಅಥಣಿಯವರಿಗೆ ಬೆಳಗಾವಿಗಿಂತ ಮಿರಜ ಹತ್ತಿರ, ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ. ಆದ್ದರಿಂದ ಒಂದೇ ಮನೆಯ ಒಂದೇ ರೋಗಿಯ ಕಾಗದಗಳು ಎರಡು ರಾಜ್ಯಗಳ ಮೂರು ದವಾಖಾನೆಗಳಲ್ಲಿ ಹಂಚಿಹೋಗಿರುತ್ತವೆ. ಹಳೆಯ ಫಿಲ್ಮು ಕೈಯಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಹೊಸ ಸ್ಕ್ಯಾನ್ ಆಗುತ್ತದೆ. ಎರಡು ವರ್ಷದ ಹಿಂದಿನ ಚಿತ್ರದಲ್ಲೂ ಅದೇ ಗಂಟು ಅಷ್ಟೇ ಅಳತೆಯಲ್ಲಿದ್ದರೆ, ಅದಕ್ಕಿಂತ ದೊಡ್ಡ ಸಮಾಧಾನ ಬೇರೆ ಯಾವ ಪರೀಕ್ಷೆಯೂ ಕೊಡಲಾರದು. ಆ ಲಕೋಟೆಯನ್ನು ಟ್ರಂಕಿನಲ್ಲಿ ಹೊಲದ ಉತಾರದ ಜೊತೆಗೇ ಇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕಳೆದುಹೋಗಿದ್ದರೆ ಕೇಳಿ ಪಡೆಯಬಹುದು; ರೋಗಿ ಕೇಳಿದ 72 ತಾಸಿನೊಳಗೆ ದಾಖಲೆ ಕೊಡಬೇಕೆಂದು ವೈದ್ಯ ಮಂಡಳಿಯ 2002ರ ನಡವಳಿಕೆ ನಿಯಮಗಳೇ ಹೇಳುತ್ತವೆ.

ಹೆಚ್ಚಿನ ಸಾಲುಗಳನ್ನು ಬಿಡಬಹುದು ಎಂಬ ಮಾತಿಗೆ ಎದುರು ವಾದವಿದೆ. ಅದನ್ನು ಹಗುರವಾಗಿ ನೋಡುವಂತಿಲ್ಲ. ‘ವಯಸ್ಸಿನ ಗುರುತು, ಬಿಟ್ಟುಬಿಡಿ’ ಎಂದು ಹೇಳಿ, ಅದು ನಾಳೆ ರೋಗವಾದರೆ? 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯಸೇವೆಯನ್ನು ಗ್ರಾಹಕ ರಕ್ಷಣಾ ಕಾನೂನಿನ ಅಡಿಗೆ ತಂದ ಮೇಲೆ, ಕಂಡದ್ದನ್ನು ಬರೆಯದೆ ಬಿಡುವ ಧೈರ್ಯ ಯಾವ ರೇಡಿಯಾಲಜಿಸ್ಟ್‌ಗೂ ಇಲ್ಲ. ಇರಲೂ ಬಾರದು. ಬಿಡಬಾರದ ಸಾಲುಗಳು ನಿಜವಾಗಿಯೂ ಇವೆ.

ನಿಪ್ಪಾಣಿಯ ಸೀಮೆಯನ್ನೇ ನೋಡಿ. ತಂಬಾಕು ಅಲ್ಲಿಯ ಹೊಲ, ಅಲ್ಲಿಯ ವಖಾರ, ಅಲ್ಲಿಯ ಕೂಲಿ. 1981ರಲ್ಲಿ ತಂಬಾಕಿನ ಬೆಲೆಗಾಗಿ ರೈತರು ಹೆದ್ದಾರಿಯಲ್ಲಿ ಕುಳಿತು ಗುಂಡೇಟು ತಿಂದ ಊರು ಅದು. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ತಾಯಂದಿರ ಊರು. ಐವತ್ತು ವರ್ಷ ಬೀಡಿ ಸೇದಿದ ಅಜ್ಜನ ಸ್ಕ್ಯಾನಿನಲ್ಲಿ ಮಹಾಪಧಮನಿ 3 ಸೆಂಟಿಮೀಟರ್ ದಾಟಿ ಹಿಗ್ಗಿದೆ ಎಂದು ಬರೆದಿದ್ದರೆ ಅದು ವಯಸ್ಸಿನ ಗುರುತಲ್ಲ. ಆ ಉಬ್ಬಿಗೆ ದೊಡ್ಡ ಕಾರಣ ಹೊಗೆ. ಕಾಲಕಾಲಕ್ಕೆ ಸೋನೋಗ್ರಫಿಯಲ್ಲಿ ಅಳೆಯಬೇಕು, ಗಂಡಸರಲ್ಲಿ 5.5 ಸೆಂಟಿಮೀಟರ್ ಮುಟ್ಟಿದರೆ ದುರಸ್ತಿಯ ಮಾತಾಡಬೇಕು. ಒಡೆದ ಮೇಲೆ ಮಿರಜ ಮುಟ್ಟುವಷ್ಟು ಸಮಯವೂ ಸಿಗುವುದಿಲ್ಲ. ಮೂತ್ರಕೋಶದ ಗೋಡೆಯಲ್ಲಿ ಒಂದೇ ಕಡೆ ಬೆಳೆದ ಗಂಟು, ಮೂತ್ರಪಿಂಡದಲ್ಲಿ ನೀರಲ್ಲದ ಗಟ್ಟಿ ಗಡ್ಡೆ, ಮೇದೋಜೀರಕ ಗ್ರಂಥಿಯ ನಾಳ ಹಿಗ್ಗಿರುವುದು, ಇವುಗಳಿಗೂ ಹಾಗೆಯೇ ಬೆನ್ನು ಹತ್ತಬೇಕು. ತಂಬಾಕು ಈ ಮೂರೂ ಅಂಗಗಳ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಜಗಿಯುವ ತಂಬಾಕೂ ಮೇದೋಜೀರಕ ಗ್ರಂಥಿಯನ್ನು ಬಿಡುವುದಿಲ್ಲ. ರಕ್ತ ಕಡಿಮೆಯಾಗಿರುವ ಮುದುಕಿಯ ದೊಡ್ಡ ಕರುಳು ದಪ್ಪಗಾಗಿದೆ ಎಂದಿದ್ದರೆ ಅದೂ ಅಷ್ಟೇ.

ಅದರಲ್ಲೂ ಒಂದು ಸಾಲಿನ ಬಗ್ಗೆ ನನಗೆ ಬಹಳ ಸಂಕಟವಿದೆ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗ ದಪ್ಪಗಾಗಿದೆ, ಸುತ್ತ ಗ್ರಂಥಿಗಳು ಊದಿವೆ ಎಂಬ ಸಾಲು. ಓದಿದವರಿಗೆ ಕ್ಯಾನ್ಸರ್ ಎಂದೇ ಅನ್ನಿಸುತ್ತದೆ. ಆಗಿರಲೂಬಹುದು. ಆದರೆ ನಮ್ಮ ದೇಶದಲ್ಲಿ ಆ ಜಾಗ ಕ್ಷಯಕ್ಕೆ ಬಲು ಪ್ರಿಯ. ಚಿತ್ರ ನೋಡಿ ಎರಡನ್ನೂ ಬೇರೆ ಮಾಡುವುದು ನುರಿತವರಿಗೂ ಕಷ್ಟ. ತುಣುಕು ತೆಗೆದು ನೋಡಲೇಬೇಕು. ಕ್ಷಯವಾಗಿದ್ದರೆ ಸಾಮಾನ್ಯವಾಗಿ ಆರು ತಿಂಗಳ ಔಷಧ, ಅದೂ ಸರ್ಕಾರದಿಂದ ಪುಕ್ಕಟೆ. ‘ವಯಸ್ಸಾತು, ಇನ್ನೇಕೆ ಹಿಂಸೆ’ ಎಂದು ಆ ಪರೀಕ್ಷೆ ಬೇಡವೆಂದು ಮನೆಗೆ ಕರೆದೊಯ್ದ ಅಜ್ಜ ಗುಣವಾಗಬಹುದಾದ ರೋಗದಿಂದ ಸಾಯುತ್ತಾನೆ. ಬರೆದದ್ದೆಲ್ಲ ರೋಗ ಎನ್ನುವ ಭಯವೂ ಬರೆದದ್ದೆಲ್ಲ ಮುಪ್ಪು ಎನ್ನುವ ಉದಾಸೀನವೂ ಹುಟ್ಟುವುದು ಒಂದೇ ಕೊರತೆಯಿಂದ. ಯಾವುದು ಯಾವುದೆಂದು ಯಾರೂ ಕೂತು ಹೇಳಿರುವುದಿಲ್ಲ.

ಅದನ್ನು ಹೇಳಿರೆಂದು ರಿಪೋರ್ಟೇ ಕೇಳಿಕೊಳ್ಳುತ್ತದೆ. ಸಾಮಾನ್ಯವಾಗಿ ಅದರ ತುದಿಗೆ ಒಂದು ಸಾಲಿರುತ್ತದೆ, ‘ಕ್ಲಿನಿಕಲ್ ಕೋರಿಲೇಶನ್’ ಮಾಡಿಕೊಳ್ಳಿ ಎಂದು. ಅಂದರೆ, ನಾನು ಫಿಲ್ಮು ನೋಡಿದ್ದೇನೆ, ಮನುಷ್ಯನನ್ನು ನೋಡಿಲ್ಲ. ನೀವು ಇದನ್ನು ಆ ಮನುಷ್ಯನ ಜೊತೆ ಹೊಂದಿಸಿ ನೋಡಿ. ಇಡೀ ಹಾಳೆಯಲ್ಲಿ ನನಗೆ ಅತಿ ಪ್ರಾಮಾಣಿಕವೆನಿಸುವ ಸಾಲು ಅದು. ಹೊಂದಿಸಬೇಕಾದದ್ದು ನೋವಿನ ಜೊತೆ, ಹಳೆಯ ಫಿಲ್ಮಿನ ಜೊತೆ, ರೋಗಿ ದಿನಾ ನಡೆದಾಡುತ್ತಾನೋ ಹಾಸಿಗೆ ಹಿಡಿದಿದ್ದಾನೋ ಎಂಬುದರ ಜೊತೆ, ಅವನಿಗೆ ಏನು ಬೇಕು ಎಂಬುದರ ಜೊತೆ. ಕೊನೆಯದನ್ನು ಅವನನ್ನೇ ಕೇಳದೆ ತಿಳಿಯುವ ದಾರಿಯಿಲ್ಲ.

ಆದ್ದರಿಂದ ನನ್ನ ಬೇಡಿಕೆ ಒಂದೇ, ಚಿಕ್ಕದು. ಹೊಟ್ಟೆಯ ಪ್ರತಿ ಸಿ.ಟಿ. ರಿಪೋರ್ಟಿನ ಜೊತೆ, ಚಿಕಿತ್ಸೆ ಕೊಡುವ ಡಾಕ್ಟರಿಂದ ಅರ್ಧ ಹಾಳೆ ಕನ್ನಡ. ಮರಾಠಿ ಮನೆಮಾತಿನವರಿಗೆ ಮರಾಠಿ. ಅದರಲ್ಲಿ ಈಗಿನ ನೋವಿಗೆ ಕಾರಣ ಯಾವುದು ಎಂದಿರಲಿ. ಮುಂದೆ ನೋಡಬೇಕಾದ್ದು ಯಾವುದು, ಯಾವ ತಿಂಗಳಲ್ಲಿ, ಯಾವ ಪರೀಕ್ಷೆಯಿಂದ ಎಂದಿರಲಿ. ಬಿಡಬಹುದಾದದ್ದು ಯಾವುದು, ಏಕೆ ಎಂದೂ ಇರಲಿ. ರೇಡಿಯಾಲಜಿಸ್ಟ್ ಎಲ್ಲವನ್ನೂ ಬರೆಯಲಿ, ಕಾನೂನಿಗೂ ಶಾಸ್ತ್ರಕ್ಕೂ ಅದು ಬೇಕು. ವಿಂಗಡಿಸಿ ಹೇಳುವ ಕೆಲಸ ಮಾತ್ರ ಮೊಮ್ಮಗನ ಮೊಬೈಲಿನ ಪಾಲಿಗೆ ಬೀಳುವುದು ಬೇಡ. ಹೊರರೋಗಿಗಳ ಸಾಲು ಉದ್ದವಿದೆ, ಹೊತ್ತಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಹೆಚ್ಚಿನ ಸಾಲುಗಳು ಮತ್ತೆ ಮತ್ತೆ ಬರುವಂಥವೇ: ನೀರುಗುಳ್ಳೆ, ಪಿತ್ತದ ಕಲ್ಲು, ಸುಣ್ಣಗಟ್ಟಿದ ನಾಳ, ದೊಡ್ಡದಾದ ಪ್ರಾಸ್ಟೇಟ್, ಕೊಬ್ಬು ತುಂಬಿದ ಲಿವರ್. ಒಮ್ಮೆ ಒಳ್ಳೆಯ ಕನ್ನಡದಲ್ಲಿ ಬರೆದಿಟ್ಟರೆ ವರ್ಷಗಟ್ಟಲೆ ಸಾಗುತ್ತದೆ. ಉಳಿಯುವುದು ಟಿಕ್ ಹಾಕುವ ಕೆಲಸ ಮತ್ತು ಆ ಹತ್ತು ನಿಮಿಷದ ಮಾತು.

ಗಡಿ ಭಾಗದಲ್ಲಿ ಭಾಷೆಯ ಬಗ್ಗೆ ದೊಡ್ಡ ಗದ್ದಲ ನಡೆಯುತ್ತದೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಕರ್ನಾಟಕದ 865 ಗಡಿ ಊರುಗಳಿಗೆ ತನ್ನ ಆರೋಗ್ಯ ವಿಮೆಯನ್ನು ಚಾಚಲು ಹೊರಟಾಗ ಕರ್ನಾಟಕ ಸಿಟ್ಟಾಗಿ ಎದ್ದು ನಿಂತಿತು. ಫಲಕದಲ್ಲಿ ಯಾವ ಲಿಪಿ ಎಂದು ಜಗಳವಾಗುತ್ತದೆ. ಆ ಜಗಳದ ಎರಡೂ ಕಡೆಯ ಮುದುಕರು ಕೈಯಲ್ಲಿ ಹಿಡಿದಿರುವ ರಿಪೋರ್ಟು ಮಾತ್ರ ಅವರಿಬ್ಬರಿಗೂ ತಿಳಿಯದ ಭಾಷೆಯಲ್ಲಿದೆ. ಭಾಷೆಗಾಗಿ ಹೋರಾಡುವ ಸಂಘಟನೆಗಳು ಈ ಅರ್ಧ ಹಾಳೆಯನ್ನು ಕೈಗೆತ್ತಿಕೊಂಡರೆ ನಾನು ಅವರ ಹಿಂದೆ ನಡೆಯಲು ಸಿದ್ಧ.

ಇನ್ನು ಹಿರಿಯರಿಗೆ ಹೇಳಬಾರದು ಎಂಬ ನಮ್ಮ ಪದ್ಧತಿ. ಅದು ಪ್ರೀತಿಯಿಂದಲೇ ಹುಟ್ಟಿದ್ದು ಎಂದು ಬಲ್ಲೆ, ಆದರೆ ಅದು ಸರಿಯಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು: ಬುದ್ಧಿ ಸ್ತಿಮಿತದಲ್ಲಿರುವ ವಯಸ್ಕ ರೋಗಿಯ ದೇಹದ ಮೇಲೆ ಏನು ಮಾಡಬೇಕಾದರೂ, ತಿಳಿಸಿ ಹೇಳಿದ ಮೇಲೆ ಆ ರೋಗಿಯೇ ಒಪ್ಪಬೇಕು, ತುರ್ತು ಇಲ್ಲದಿರುವಾಗ ಮನೆಯವರ ಒಪ್ಪಿಗೆ ಅದಕ್ಕೆ ಬದಲಾಗದು. ನಮ್ಮ ಮನೆಯಲ್ಲಿ ಅಂದು ರಾತ್ರಿ ಸಹಿ ಹಾಕಿದ್ದು ಮಗ. ಆರು ಮಕ್ಕಳನ್ನು ಹೆತ್ತು, ಗಂಡ ಸತ್ತ ಮೇಲೆ ನಾಲ್ಕು ಎಕರೆ ಹೊಲದ ವ್ಯವಹಾರ ಒಬ್ಬಳೇ ನೋಡಿಕೊಂಡು, 2019ರ ಮಹಾಪೂರದಲ್ಲಿ ಎಮ್ಮೆಗಳನ್ನು ಮೊದಲು ಏರಿಸಿ ಆಮೇಲೆ ತಾನು ಏರಿದ ಹೆಂಗಸು ಪಕ್ಕದಲ್ಲೇ ಎಚ್ಚರವಾಗಿದ್ದಳು. ನಾನೂ ಅಲ್ಲಿದ್ದೆ, ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಈಗಲೂ ಚುಚ್ಚುತ್ತದೆ.

ತಿಂಗಳ ಮೇಲೆ ಊರಿಗೆ ಹೋದಾಗ ಆ ಲಕೋಟೆ ತರಿಸಿ ಆಕೆಯ ಮುಂದೆ ಬಿಡಿಸಿದೆ. ಸರ್ಜನ್‌ರಿಂದ ನಾನು ಕೇಳಿ ತಿಳಿದುಕೊಂಡಿದ್ದನ್ನು ಸಾಲು ಸಾಲಾಗಿ ಹೇಳುತ್ತ ಹೋದೆ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕಿಡ್ನಿಯ ನೀರುಗುಳ್ಳೆಗೆ ತಲೆಯಾಡಿಸಿದಳು. ಗರ್ಭಕೋಶ ಕುಗ್ಗಿದೆ ಎಂದಾಗ, “ಅದರ ಕೆಲಸ ಮುಗದೈತಿ” ಎಂದಳು. ಒಂಬತ್ತನೆಯ ಸಾಲಿಗೆ ಬಂದೆ. ಮನೆಯವರು ಯಾರೂ ಲಕ್ಷ್ಯ ಕೊಡದ ಸಾಲು, ಬೆನ್ನಿನ ಹನ್ನೆರಡನೆಯ ಮಣಿಯದು. ಹೊಟ್ಟೆಯ ಸ್ಕ್ಯಾನಿನಲ್ಲಿ ಎಲುಬಿನ ಸಾಲು ಬಾಲದಲ್ಲಿ ಬರುತ್ತದೆ, ಓದುವವರ ಅಂಜಿಕೆ ಅಷ್ಟರಲ್ಲಿ ತೀರಿಹೋಗಿರುತ್ತದೆ. ಆದರೆ ಬಿದ್ದ ಪೆಟ್ಟಿಲ್ಲದೆ ಮಣಿ ಕುಸಿದಿದೆ ಎಂದರೆ ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಎಲುಬು ಟೊಳ್ಳಾಗಿರುತ್ತದೆ. ಇಂದು ಬೆನ್ನಿನ ಮಣಿ ಕುಸಿದವರಿಗೆ ನಾಳೆ ತೊಡೆಯ ಎಲುಬು ಮುರಿಯುವ ಸಂಭವ ಹೆಚ್ಚು. ತೊಡೆ ಮುರಿದ ಎಂಬತ್ತರವರಲ್ಲಿ ಅನೇಕರು ಮತ್ತೆ ಎದ್ದು ಓಡಾಡುವುದಿಲ್ಲ. ನೋವಿಗೆ ಸಂಬಂಧಪಡದ ಆ ಒಂಬತ್ತು ಸಾಲುಗಳಲ್ಲಿ ಔಷಧದಿಂದ ಮುಂದಿನ ಕೇಡು ತಡೆಯಬಹುದಾದದ್ದು ಮುಖ್ಯವಾಗಿ ಇದೇ. ಡಿಸ್ಚಾರ್ಜ್ ಹಾಳೆಯಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಬೆನ್ನಿನ ಎಲುಬು ಕುಸಿದು ನೀನು ಗಿಡ್ಡ ಆಗಿರಬೇಕು ದೊಡ್ಡವ್ವ, ಎಂದೆ.

ಆಕೆ ಕಾಲ ಬಳಿಯ ಸೀರೆಯ ಅಂಚನ್ನು ಎತ್ತಿ ತೋರಿಸಿದಳು. ಮಣ್ಣು ಹತ್ತಿ ಹರಿದಿತ್ತು. “ಎರಡು ವರ್ಷ ಆತು, ಹಳೇ ಸೀರಿ ಎಲ್ಲಾ ನೆಲಾ ಬಳ್ಯಾಕತ್ತಾವು. ಸೀರಿ ಬೆಳಿಯೂದಿಲ್ಲ, ನಾನ ಕುಗ್ಗೇನಿ ಅಂತ ನನಗ ಗೊತ್ತಿತ್ತು. ಯಾರು ಕೇಳಿದ್ರು?”